ಒಂದು ಚಮಚಕ್ಕೆ ಎಷ್ಟು ಚಾಕು?

ನನ್ನ ತಂಗಿಗೆ ದೇವರು ಎರಡು ಕೈ ಕೊಟ್ಟಿದ್ದಾನೆ. ಆದರೆ ಒಂದೂ ಅವಳ ಮಾತು ಕೇಳುವುದಿಲ್ಲ!

ಉತ್ಪ್ರೇಕ್ಷೆ ಎನ್ನಬೇಡಿ. ಅವಳು ಹಾಕಿದ ರಂಗೋಲಿ ನೋಡಿ ಹಾಲಿನವನು, "ಅಮ್ಮಾ, ಬಾಗಿಲತ್ರ ಹಿಟ್ಟು ಚೆಲ್ಲೋಗಿದೆ" ಎಂದು ಕಾಳಜಿಯಿಂದ ತಿಳಿಸಿದ್ದುಂಟು. ಅವಳು ಹೊಲಿದ ಗುಂಡಿ ಅಂಗಿಯನ್ನು ಬಿಟ್ಟು ನನ್ನ ಲಂಗಕ್ಕೆ ಸೇರಿಕೊಂಡಿದ್ದೂ ಉಂಟು. ಕಾನ್ವೆಂಟಿನ ನೀಡ್ಲ್‌ವರ್ಕ್ ಕ್ಲಾಸಿನಲ್ಲಿ ಅವಳ ಕರ್ಚೀಫನ್ನು ಸಿಸ್ಟರ್ ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿ, ಬಹಳ ಸೌಮ್ಯವಾಗಿ, "ವಾಟ್ ಈಸ್ ಇಟ್, ಚೈಲ್ಡ್?" ಎಂದು ಕೇಳಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಅವಳು ಹುಟ್ಟಾ ಎಡಚಿ. ಪೆನ್ಸಿಲ್ ಎಡಗೈಗೆ ಹೋದರೆ ಸಿಸ್ಟರ್, "ಸಿಟ್ ಆನ್ ಇಟ್!" ಎನ್ನುತ್ತಿದ್ದರು. ಪೆನ್ಸಿಲಿನ ಮೇಲಲ್ಲ, ಕೈಯ ಮೇಲೆ! ಮನೆಯಲ್ಲಿ ಅಮ್ಮನದೂ ಅದೇ ಪಾಠ, ಕನ್ನಡದಲ್ಲಿ. ಹೀಗೆ ತನ್ನ ಎಡಗೈಯ ಮೇಲೆ ತಾನೇ ಕೂತು ಅವಳು ಪ್ರೈಮರಿ ಮುಗಿಸಿದಳು. ಆಮೇಲೆ ಇಡೀ ಬದುಕನ್ನು ಬಲಗೈಯಲ್ಲೇ, ವಕ್ರವಕ್ರವಾಗಿ, ನಗುನಗುತ್ತಾ ನಡೆಸಿಕೊಂಡು ಬಂದಳು.

ಈಗ ನಾವಿಬ್ಬರೂ ಬ್ರೂಕ್‌ಫೀಲ್ಡಿನ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನಾನು ಮೇಲಿನ ಮಹಡಿ. ತಂಗಿ, ಅವಳ ಮಗ, ಸೊಸೆ, ಮೂರು ವರ್ಷದ ಮೊಮ್ಮಗಳು ಪುಟ್ಟಿ ನನ್ನ ಕೆಳಗೆ. ಊಟದ ಹೊತ್ತಿಗೆ ನಾನು ಕೆಳಗಿಳಿಯುವುದು ವಾಡಿಕೆ. (ಊಟಕ್ಕಲ್ಲ, ಕಂಪನಿಗೆ. ಊಟವೂ ಆಗುತ್ತದೆ, ಅದು ಬೇರೆ ಮಾತು.)

ಹಾಗೆ ಹೋದಾಗಲೇ ನೋಡಿದ್ದು. ಪುಟ್ಟಿ ಚಮಚವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. ಸೊಸೆ, "ಅದರ್ ಹ್ಯಾಂಡ್, ಕಂದಾ" ಎಂದು ಬಲಗೈಗೆ ದಾಟಿಸುತ್ತಿದ್ದಳು. ಒಳ್ಳೆಯ ಹುಡುಗಿಯೇ, ಪಾಪ; ನಾಳೆ ನಾಲ್ಕು ಜನರೆದುರು ಎಡಗೈಯಲ್ಲಿ ಉಂಡು ಮಗು ಅವರಿಂದ ಮಾತು ಕೇಳುವಂತಾಗಬಾರದಲ್ಲ ಎಂಬ ಚಿಂತೆ. ಚಮಚ ಅತ್ತಿಂದಿತ್ತ ಓಡಾಡಿ ಓಡಾಡಿ, ಕೊನೆಗೆ ಪುಟ್ಟಿ ಸ್ಟ್ರೈಕ್ ಹೂಡಿದಳು. ಚಮಚ ಮುಟ್ಟುವುದನ್ನೇ ಬಿಟ್ಟು, ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಹಕ್ಕಿಮರಿಯಂತೆ ಬಾಯಿ ತೆರೆದು ಕೂತಳು.

ನನ್ನ ತಂಗಿ ಆ ಬಾಯಿಯನ್ನು ನೋಡಲಿಲ್ಲ. ಆ ತೊಡೆಯ ಕಡೆಗೇ ನೋಡುತ್ತಿದ್ದಳು.

"ಇವಳಿಗೊಂದು ಚಮಚ ಮಾಡ್ಕೊಡ್ತೀನಿ," ಎಂದಳು. "ಮರದ್ದು. ನನ್ನ ಕೈಯಾರೆ. ಆಮೇಲೆ ತಾನೇ ತಿಂತಾಳೆ, ನೋಡ್ತಿರಿ."

ಮಗ ಹೌಹಾರಿದ. "ಅಮ್ಮಾ, ನೀನು ಆಪಲ್ ಹೆಚ್ಚೋಕೆ ಕೂತ್ರೇನೇ ನಾನು ಫಸ್ಟ್ ಏಡ್ ಬಾಕ್ಸ್ ತೆಗೆದಿಡ್ತೀನಿ!"

"ಪಕ್ಕದಲ್ಲೇ ಇಟ್ಟಿರು. ಬೇಕಾಗುತ್ತೆ."

ಅಲ್ಲಿಂದ ಶುರುವಾಯಿತು ಸಂಶೋಧನೆ. ಚಮಚ ಕೆತ್ತಲು ಹೊಸಬರಿಗೆ ಏನೇನು ಬೇಕು? ನಿಮಗೆ ಗೊತ್ತೇ? ನನಗೂ ಗೊತ್ತಿರಲಿಲ್ಲ, ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಗಡ್ಡದ ವಿದೇಶೀಯರು ಕಾಡಿನಲ್ಲಿ ಕೂತು ಚಮಚ ಕೆತ್ತುವ ವಿಡಿಯೋಗಳನ್ನು ಅವಳ ಜೊತೆ ನಾನೂ ಬಾಯಿಬಿಟ್ಟು ನೋಡಿದೆ. ಮೊದಲು ಅವಳು ಹೊಳೆಯುವ ಉಳಿಗಳ ದೊಡ್ಡ ಸೆಟ್ಟೊಂದನ್ನು ಆನ್‌ಲೈನಿನಲ್ಲಿ ತರಿಸಿದಳು. ಅದು ಬಂದ ದಿನವೇ ಗಡ್ಡದವನೊಬ್ಬ, ಹೊಸಬರು ದೊಡ್ಡ ಸೆಟ್ ಮಾತ್ರ ಕೊಳ್ಳಬೇಡಿ ಎಂದ! ಬೇಕಾದ್ದು ಇಷ್ಟೇ: ಕೊಂಬೆ ಸೀಳಲು ಚಿಕ್ಕ ಕೊಡಲಿ, ಹೊರಮೈ ಹೆರೆಯಲು ನೇರ ಚಾಕು, ಚಮಚದ ಗುಳಿ ತೋಡಲು ಬಾಗಿದ ಚಾಕು, ಅಲಗು ಉಜ್ಜಿ ಹರಿತ ಮಾಡಲು ಒಂದು ತುಂಡು ತೊಗಲು. ಮರ ಹಸಿಯಾಗಿರಬೇಕು, ಒಣಗಿದ್ದು ಹೊಸಬರ ಕೈಗೆ ಬಗ್ಗುವುದಿಲ್ಲ.

ಕೊಡಲಿ, ನೇರ ಚಾಕು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕವು. ಮರವೂ ಸುಲಭವಾಗಿ ಸಿಕ್ಕಿತು. ಕರೆಂಟ್ ತಂತಿಗೆ ತಾಗುವ ಮಾವಿನ ಕೊಂಬೆ ಕಡಿಯುತ್ತಿದ್ದವರನ್ನು, "ಅಣ್ಣಾ, ಒಂದು ತುಂಡು" ಎಂದು ಕಾಡಿ ತಂದಳು. ತೊಗಲು? ಮಗನ ಆಫೀಸ್ ಬೆಲ್ಟು ಮಾಯವಾಯಿತು. ಆ ವಾರವೆಲ್ಲ ಅವನು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಮೀಟಿಂಗ್ ಮಾಡಿದ. ಪುಣ್ಯಕ್ಕೆ ವಿಡಿಯೋ ಕಾಲ್; ಸೊಂಟ ಕಾಣುವುದಿಲ್ಲ.

ಉಳಿದದ್ದು ಬಾಗಿದ ಚಾಕು. ಕುಡುಗೋಲಿನ ಮರಿಯಂತಿರುತ್ತದೆ, ಹೆಬ್ಬೆರಳಷ್ಟು. ಉಳಿ ಸೆಟ್ಟಿನ ಅನುಭವದ ಮೇಲೆ ಆನ್‌ಲೈನಿಗೆ ಕೈಮುಗಿದು, "ಪೀಣ್ಯದಲ್ಲಿ ಏನು ಬೇಕಾದ್ರೂ ಮಾಡ್ಕೊಡ್ತಾರಂತೆ, ಬಾ ಅಕ್ಕಾ" ಎಂದು ನನ್ನನ್ನು ಮೆಟ್ರೋ ಹತ್ತಿಸಿದಳು. ಶೆಡ್ಡುಗಳ ಸಾಲಿನಲ್ಲಿ ಹುಡುಕಿ ಹುಡುಕಿ ಒಂದು ಸಣ್ಣ ವರ್ಕ್‌ಶಾಪ್ ಹೊಕ್ಕೆವು. ಮಾಲೀಕ ಫೋನಿನ ಚಿತ್ರ ನೋಡಿ ಹುರುಪಾದ.

"ಮಾಡೋಣ ಮೇಡಂ! ಎಷ್ಟು ಪೀಸು?"

"ಒಂದು."

"ಒಂದ್ ಸಾವ್ರನಾ?"

"ಒಂದೇ ಒಂದು."

ಅವನು ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ.

"ಏನಕ್ಕಮ್ಮಾ ಇದು?"

"ಚಮಚ ಮಾಡೋಕೆ."

"ಅಯ್ಯೋ, ಚಮಚ ಅಂಗ್ಡೀಲೇ ಸಿಗ್ತದಲ್ಲ!" ಎಂದ, ಆದರೂ ಕುತೂಹಲ ಬಿಡಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, "ಒಂದೇ ಕಡೆ ಸಾಣೆ ಐತೆ. ನೀವು ಎಳ್ಯೋ ಕೈ ಯಾವ್ದು? ರೈಟಾ, ಲೆಫ್ಟಾ?" ಎಂದು ಕೇಳಿದ.

ಇಷ್ಟು ಸರಳ ಪ್ರಶ್ನೆ! ನನ್ನ ತಂಗಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು, ಆಗತಾನೇ ಡೆಲಿವರಿ ಆದವೇನೋ ಎಂಬಂತೆ. ಆಮೇಲೆ ಮೆಲ್ಲಗೆ, "ರೈಟು" ಎಂದಳು.

ಮುಂದಿನ ವಾರ ಚಾಕು ಸಿದ್ಧವಾಯಿತು. ಪರ್ಸಿನಲ್ಲಿಟ್ಟುಕೊಂಡು ನೆಟ್ಟಗೆ ಮೆಟ್ರೋ ಸ್ಟೇಷನ್ನಿಗೆ ನಡೆದೆವು. ಬುದ್ಧಿವಂತರಲ್ಲವೇ! ಸ್ಕ್ಯಾನರ್ ಕೂಗಿತು.

"ಅಮ್ಮಾ, ಬ್ಯಾಗಲ್ಲಿ ಚಾಕು ಇದೆ."

"ಚಾಕು ಅಂತ ಯಾಕ್ ನೋಡ್ತೀಯಾ ಮಗಳೇ? ಚಮಚ ಅಂತ ನೋಡು," ಎಂದಳು ತಂಗಿ.

ಆ ಸೆಕ್ಯೂರಿಟಿ ಹುಡುಗಿಗೆ ದಾರ್ಶನಿಕ ದೃಷ್ಟಿ ಇರಲಿಲ್ಲ. ಬಸ್ಸುಗಳನ್ನು ಬದಲಿಸುತ್ತಾ ಊರಿನ ಆ ತುದಿಯಿಂದ ಈ ತುದಿಗೆ ಬಂದೆವು. ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ನಿಂತಷ್ಟು ಹೊತ್ತಿನಲ್ಲಿ ಒಂದು ಡಿನ್ನರ್ ಸೆಟ್ಟೇ ಕೆತ್ತಬಹುದಿತ್ತು!

ಬಾಲ್ಕನಿಯಲ್ಲಿ ಕೆತ್ತನೆ ಆರಂಭವಾಯಿತು. ಮೊದಲ ಚಮಚ ಶೂ ಹಾರ್ನ್ ಆಯಿತು. ಎರಡನೆಯದು ಬೆನ್ನು ಕೆರೆದುಕೊಳ್ಳಲು ನನಗೆ ಬಂತು, ಬಹಳ ಉಪಯೋಗಿ. ಮೂರನೆಯದು ಯಾವ ಜಾತಿಗೂ ಸೇರಲಿಲ್ಲ. ಫಸ್ಟ್ ಏಡ್ ಬಾಕ್ಸ್ ಅರ್ಧ ಖಾಲಿ. ಒಳಗೆ ಪುಟ್ಟಿ ಈಗಲೂ ಕೈಗಳ ಮೇಲೆ ಕೂತೇ ತಿನ್ನಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಸದ್ದಿಲ್ಲದೆ ಹೋದೆ. ತಂಗಿ ನನಗೆ ಬೆನ್ನು ಹಾಕಿ ಕೂತಿದ್ದಳು. ಸರ್, ಸರ್ ಎಂದು ಒಂದೇ ಹದದ ಸದ್ದು. ಕಾಲ ಬುಡದಲ್ಲಿ ತೆಳ್ಳಗಿನ ಸುರುಳಿ ಸುರುಳಿ ಸಿಪ್ಪೆ. ಅವಳಿಗೆ ಇದೆಲ್ಲಿಂದ ಬಂತು ಎಂದು ಬಗ್ಗಿ ನೋಡಿದೆ. ನೇರ ಚಾಕು ಎಡಗೈಯಲ್ಲಿತ್ತು.

ನನ್ನ ನೆರಳು ಬಿದ್ದದ್ದೇ ತಡ, ಚಾಕು ಬಲಗೈಗೆ ಜಿಗಿಯಿತು. ಎಡಗೈ ತೊಡೆಯ ಕೆಳಗೆ ಹೋಯಿತು.

"ನಾನು ಕಣೇ!"

"ಓ, ನೀನಾ?" ಅವಳು ನಕ್ಕಳು. ಕಿವಿ ಕೆಂಪಾಗಿತ್ತು. "ಸಿಸ್ಟರ್ ಬಂದ್ರೇನೋ ಅನ್ಕೊಂಡ್ಬಿಟ್ಟೆ."

ನಾನು ನಗಲಿಲ್ಲ. "ಈ ನೇರ ಚಾಕು ಎರಡೂ ಕೈಗೆ ಆಗುತ್ತೆ," ಎಂದೆ. "ಆದ್ರೆ ಆ ಬಾಗಿದ್ದು ನಿನ್ನ ಕೈದಲ್ಲ. ನಡಿ, ಪೀಣ್ಯಕ್ಕೆ ಹೋಗೋಣ."

ಮಾಲೀಕ ನಮ್ಮನ್ನು ನೋಡಿ ನಕ್ಕ. "ಏನಮ್ಮಾ, ಸಾವ್ರ ಪೀಸ್ ಆರ್ಡ್ರಾ?"

"ಇನ್ನೊಂದು. ಇದರದ್ದೇ, ಉಲ್ಟಾ. ಎಡಗೈದು," ಎಂದಳು ತಂಗಿ. ಈ ಸಲ ಅಂಗೈ ನೋಡಿಕೊಳ್ಳಲಿಲ್ಲ. ಸ್ವಲ್ಪ ಜೋರಾಗಿಯೇ ಹೇಳಿದಳು. ಅವನು ಹಳೆಯ ಚಾಕು ಹಿಡಿದು ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು, "ಓ, ಇಂಗೆ!" ಎಂದು ತಲೆಯಾಡಿಸಿದ. ಎರಡನೆಯ ಚಾಕು ತರುವಾಗ ನಾವು ಮೆಟ್ರೋ ಕಡೆ ತಿರುಗಿಯೂ ನೋಡಲಿಲ್ಲ.

ಚಮಚ ಆಯಿತು. ಗಿಡ್ಡ, ದಪ್ಪ ಹಿಡಿಕೆ, ತುಟಿಗೆ ತಾಗುವ ಅಂಚು ನಯ. ಆದರೆ ಬಾಯಿ ಒಂದು ಕಡೆಗೆ ವಾಲಿತ್ತು. ಅಯ್ಯೋ, ಇದೂ ಸೊಟ್ಟಗಾಯಿತಲ್ಲ ಎಂದುಕೊಂಡೆ.

ಊಟಕ್ಕೆ ಕೂತಾಗ ತಂಗಿ ಅದನ್ನು ಪುಟ್ಟಿಯ ತಟ್ಟೆಯ ಎಡಕ್ಕಿಟ್ಟಳು. ಪುಟ್ಟಿ ಬಹಳ ಹೊತ್ತು ನೋಡಿ, ತೊಡೆಯ ಕೆಳಗಿಂದ ಒಂದು ಕೈ ಹೊರತೆಗೆದಳು. ಸೊಸೆ ಅಭ್ಯಾಸಬಲದಿಂದ ಚಮಚವನ್ನು ಬಲಗೈಗೆ ದಾಟಿಸಿದಳು. ಮೊಸರನ್ನ ತುಂಬಿದ ಚಮಚ ಬಾಯಿಯನ್ನು ಬಿಟ್ಟು ನೇರವಾಗಿ ಕಿವಿಯ ಕಡೆ ಹೊರಟಿತು!

"ಅತ್ತೆ, ಇದು ಸೊಟ್ಟ ಇದೆ."

"ಸೊಟ್ಟ ಅಲ್ಲಮ್ಮ. ಅದಕ್ಕೆ ಆ ಕೈ ಬರಲ್ಲ."

ಪುಟ್ಟಿ ಕಾಯಲಿಲ್ಲ. ಚಮಚವನ್ನು ಎಡಗೈಗೆ ತೆಗೆದುಕೊಂಡಳು. ಮೊಸರನ್ನ ಬಾಯಿಗೆ ಹೋಯಿತು. ಮತ್ತೆ ಹೋಯಿತು. ಸೊಸೆ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಮಗುವಿನ ಗಲ್ಲ ಒರೆಸಿದಳು.

ಎಲ್ಲರೂ ಪುಟ್ಟಿಯನ್ನು ನೋಡುತ್ತಿದ್ದರು. ನಾನು ಮಾತ್ರ ನನ್ನ ತಂಗಿಯನ್ನು ನೋಡುತ್ತಿದ್ದೆ. ಅವಳ ಪಾಯಸದ ಚಮಚ ಬಟ್ಟಲಿನ ಬಲಕ್ಕಿತ್ತು. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಚಮಚವನ್ನು ಎಡಗೈಗೆ ತೆಗೆದುಕೊಂಡು, ಒಂದು ಹನಿಯನ್ನೂ ಚೆಲ್ಲದೆ, ಬಟ್ಟಲು ಖಾಲಿ ಮಾಡಿದಳು.