ನೌಕೆಯ ದಾರ ಅಳಿಸಿದವರಿಗೆ, ಗೌಡಗೆರೆ ಕಡೆಯ ಒಂದು ಹಟ್ಟಿಯಿಂದ

ಮಾನ್ಯರೇ,

‘ಚುಕ್ಕಿಪ್ಲೇ’ ಆ್ಯಪಿನ ಹಳೆಯ ಧಾರಾವಾಹಿಗಳ ವಿಭಾಗದ ವ್ಯವಸ್ಥಾಪಕರ ಘನ ಸನ್ನಿಧಾನಕ್ಕೆ, ಶಿರಾ ತಾಲ್ಲೂಕು ಗೌಡಗೆರೆ ಹೋಬಳಿಯಲ್ಲಿ ಕಡಲೆಕಾಯಿ ಸುಲಿಯುವ ಮಿಷನ್ ಇಟ್ಟುಕೊಂಡಿರುವ ಚಿಕ್ಕರಾಜು ಮಾಡುವ ನಮಸ್ಕಾರಗಳು. ತಾವು ಕ್ಷೇಮ, ತಮ್ಮ ಕಂಪ್ಯೂಟರುಗಳು ಕ್ಷೇಮ, ತಮ್ಮ ಪರದೆಯ ನಡುವೆ ಗಿರಗಿರನೆ ತಿರುಗುವ ಆ ಉಂಗುರವೂ ಕ್ಷೇಮವೆಂದು ನಂಬಿದ್ದೇನೆ. ಕೆಲವು ಭಾನುವಾರ ಅದನ್ನು ನಾವು ಧಾರಾವಾಹಿಗಿಂತ ಹೆಚ್ಚು ಹೊತ್ತು ನೋಡಿರುವುದರಿಂದ ಅದರ ಮೇಲೆ ಮನೆಯವರ ಮೇಲಿರುವಷ್ಟೇ ಅಕ್ಕರೆ ಬೆಳೆದಿದೆ.

ಮೂವತ್ತೈದು ವರ್ಷದ ಹಿಂದೆ ಭಾನುವಾರ ಬೆಳಿಗ್ಗೆ ಸರ್ಕಾರಿ ಟಿವಿಯಲ್ಲಿ ಹಿಂದಿಯಲ್ಲಿ ಬರುತ್ತಿದ್ದ ‘ಆಖ್ರೀ ಜಹಾಜ್’ ಎಂಬ ಪರದೇಶದ ಆಕಾಶನೌಕೆಯ ಧಾರಾವಾಹಿಯನ್ನು ತಾವು ಹುಡುಕಿ ತೆಗೆದು, ಧೂಳು ಕೊಡವಿ, ಕನ್ನಡದಲ್ಲಿ ಮಾತಾಡಿಸಿ ನಮ್ಮ ಮುಂದೆ ಇಟ್ಟಿದ್ದೀರಿ. ನಾನು ಅದರ ಹಳೆಯ ಅಭಿಮಾನಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಖಾಲಿ ಉಳಿದಿದ್ದ ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಅದರ ಇಪ್ಪತ್ತಾರೂ ಕಂತುಗಳ ಕಥೆಯನ್ನು ತಾರೀಖು ಸಮೇತ ಬರೆದಿಟ್ಟವನು. ಇಷ್ಟು ವರ್ಷದಲ್ಲಿ ಅದರ ಒಂದು ಕಂತನ್ನೂ ನೋಡಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ನನ್ನ ಅಭಿಮಾನದಲ್ಲಿ ಯಾವ ಕೊರತೆಯೂ ಇಲ್ಲ.

ತಾವು ಹುಬ್ಬೇರಿಸಬಾರದು. ಆಗ ನಮ್ಮ ಹಟ್ಟಿಯಲ್ಲಿ ಟಿವಿ ಇರಲಿಲ್ಲ. ಗೌಡಗೆರೆಯ ಚಿಕ್ಕಹನುಮಯ್ಯ ಮೇಷ್ಟ್ರು ಭಾನುವಾರ ತಮ್ಮ ಟಿವಿಯನ್ನು ಅಂಗಳಕ್ಕೆ ಕಾಣುವಂತೆ ಕಿಟಕಿಗೆ ತಿರುಗಿಸಿಡುತ್ತಿದ್ದರು. ನನ್ನ ಸೋದರತ್ತೆ ರಂಗಕ್ಕ ರಾಗಿ ಬೀಸಿಸಲು ಅಲ್ಲಿನ ಮಿಲ್ಲಿಗೆ ಹೋಗಿ, ಸಾಲಿನಲ್ಲಿ ಚೀಲವನ್ನು ನಿಲ್ಲಿಸಿ, ತಾನು ಮೇಷ್ಟ್ರ ಅಂಗಳದಲ್ಲಿ ಕೂರುತ್ತಿದ್ದಳು. ಮಧ್ಯಾಹ್ನ ಹಟ್ಟಿಗೆ ಬಂದು, ಹೊಂಗೆಮರದ ಕೆಳಗೆ ಕಾಲಕ್ಕೆ ತಕ್ಕಂತೆ ಕಡಲೆಕಾಯಿ ಬಿಡಿಸುವವರಿಗೋ ಹುಣಸೆಹಣ್ಣು ಕುಟ್ಟುವವರಿಗೋ ನೋಡಿದ್ದನ್ನು ಹೇಳುತ್ತಿದ್ದಳು. ನಮ್ಮಲ್ಲಿ ಒಂದು ಪದ್ಧತಿಯಿದೆ: ಒಬ್ಬರು ನೋಡಿ ಬಂದರೆ ಹಟ್ಟಿಯೆಲ್ಲ ಕೇಳುತ್ತದೆ, ಹೇಳುವವರು ಕೆಲಸ ಮುಟ್ಟುವಂತಿಲ್ಲ, ಅವರ ಪಾಲಿನ ಮೊರವನ್ನು ಕೇಳುವವರು ಹಂಚಿಕೊಂಡು ಮುಗಿಸುತ್ತಾರೆ. ಆ ಇಪ್ಪತ್ತಾರು ಭಾನುವಾರ ರಂಗಕ್ಕ ಒಂದು ಕಾಯಿಯನ್ನೂ ಒಡೆಯಲಿಲ್ಲ. ಆಮೇಲೂ ಹಟ್ಟಿಯಲ್ಲಿ ಯಾವ ಕಥೆ ಶುರುವಾದರೂ ಅವಳ ಮುಂದೆ ಮೊರ ಇಡುವ ಧೈರ್ಯ ಯಾರೂ ಮಾಡಿರಲಿಲ್ಲ, ತಮ್ಮ ಕನ್ನಡ ಬರುವವರೆಗೆ.

ಅವಳು ಹೇಳಿದ ಕಥೆ ಹೀಗಿದೆ. ಮೇವು ಮುಗಿದ ಒಂದು ಆಕಾಶದ ಹಟ್ಟಿ, ಕುರಿಗಳನ್ನು ಹೊಡೆದುಕೊಂಡು ಚುಕ್ಕಿಯಿಂದ ಚುಕ್ಕಿಗೆ ಹುಲ್ಲು ಹುಡುಕುತ್ತ ಹೊರಟಿದೆ. ಕುರಿಗಳನ್ನು ಕೆಳಗಿನ ಅಂಕಣದಲ್ಲಿ ಕೂಡಿರುವುದರಿಂದ ಟಿವಿಯಲ್ಲಿ ಕಾಣುವುದಿಲ್ಲವೆಂದು ಎರಡನೇ ಕಂತಿನಲ್ಲೇ ಆಕೆ ತಿಳಿಸಿದ್ದಳು. ಬಿಳಿ ಕೂದಲಿನ ನಾಯಕ ಆ ಹಟ್ಟಿಯ ಯಜಮಾನ. ಬೆಳ್ಳಿ ಬಟ್ಟೆಯ ಹೆಂಗಸು ಅವನ ತಂಗಿ. ಹಳೆಯ ಮಾತೊಂದಕ್ಕೆ ಮುನಿಸಾಗಿ ಮೂರು ವರ್ಷದಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ಮೂಲೆಯಲ್ಲಿ ನಿಂತು, ಯಾರು ಏನು ಕೇಳಿದರೂ ಒಂದೇ ದನಿಯಲ್ಲಿ ಉತ್ತರಿಸಿ, ಎಲ್ಲ ತಪ್ಪಿಗೂ ಬೈಸಿಕೊಂಡು, ಊಟಕ್ಕೆ ಮಾತ್ರ ಯಾರೂ ಕರೆಯದ ಆ ಯಂತ್ರಮನುಷ್ಯ ಮನೆಅಳಿಯ. ಮೈಮೇಲೆ ಮೀನಿನಂಥ ಹುರುಪೆಯಿರುವವರು ಫಾರೆಸ್ಟ್ ಗಾರ್ಡುಗಳು: ಎಲ್ಲಿ ಹುಲ್ಲು ಕಂಡರೂ ಎದುರಿಗೆ ಬಂದು, ಇದು ನಮ್ಮ ಸರಹದ್ದು ಎನ್ನುತ್ತಾರೆ. ಬುಕ್ಕಾಪಟ್ಟಣದ ಕುರುಚಲು ಕಾಡಿನ ಅಂಚಿನಲ್ಲಿ ಕುರಿ ಕಾಯ್ದ ಯಾರಿಗಾದರೂ ಇದರಲ್ಲಿ ಅನುಮಾನ ಪಡಲು ಏನಿದೆ ಹೇಳಿ? ಈ ಕಥೆ ಕುರಿಗಳ ಜೊತೆ ಪಾವಗಡಕ್ಕೂ ಹೋಯಿತು. ಅಲ್ಲಿನ ನಮ್ಮ ಬೀಗರು ರಾಮಾಂಜನೇಯ ಹೇಳುವ ಕಥೆಯಲ್ಲಿ ಯಜಮಾನ ಅರ್ಧ ತೆಲುಗಿನಲ್ಲಿ ಗದರುತ್ತಾನೆ. ಕೊರಟಗೆರೆ ಕಡೆಯ ನೆಂಟರು ಸಿದ್ದರಬೆಟ್ಟದ ಮೇಲೆ ಮಂಜು ಕಂಡರೆ ಇವತ್ತಿಗೂ ಒಂಬತ್ತನೇ ಕಂತಿನ ಊರು ಬಂತು ಅನ್ನುತ್ತಾರೆ.

ಈಗ ಅಭಿಮಾನಿಯಾಗಿ ನಾಲ್ಕು ಮಾತು. ನಾನು ತೂಕದ ಕಸುಬಿನವನು, ಎಣಿಸದೆ ನೋಡಲಾರೆ. ಇಪ್ಪತ್ತಾರು ಕಂತುಗಳಲ್ಲಿ ನೌಕೆ ಇಳಿದಿರುವುದು ಹತ್ತೊಂಬತ್ತು ಲೋಕಗಳಲ್ಲಿ, ಹತ್ತೊಂಬತ್ತರಲ್ಲೂ ಇರುವುದು ಒಂದೇ ಬಂಡೆ. ಒಮ್ಮೆ ಕೆಂಪು, ಒಮ್ಮೆ ಹಸಿರು, ಹದಿನಾಲ್ಕನೆಯದರಲ್ಲಿ ಬಣ್ಣ ಇನ್ನೂ ಆರಿಲ್ಲ. ಒಂದು ಕಾಗದ ಹಾಕಿದ್ದರೆ ಮಧುಗಿರಿಯಲ್ಲಿ ಊರಿಗಿಂತ ದೊಡ್ಡ ಬಂಡೆ ಸುಮ್ಮನೆ ನಿಂತಿತ್ತು. ನೌಕೆಗೆ ಏಟು ಬಿದ್ದಾಗ ಎಲ್ಲರೂ ಒಟ್ಟಿಗೆ ಎಡಕ್ಕೆ ವಾಲುತ್ತಾರೆ, ಮೇಜಿನ ಮೇಲಿನ ಲೋಟದ ನೀರು ಮಾತ್ರ ಅಲುಗುವುದಿಲ್ಲ. ಆದರೂ ನನ್ನ ತೀರ್ಮಾನ ಕೇಳಿದರೆ, ಹಳೆಯವೇ ಮೇಲು. ಈಗಿನ ಆಕಾಶದ ಚಿತ್ರಗಳಲ್ಲಿ ಒಂದು ಲೋಕವೇ ಸಿಡಿದು ಚೂರಾದರೂ ಅಲ್ಲಿದ್ದವರ ಮುಖ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುವುದಿಲ್ಲ. ಆ ಕಾಲದವರ ಹತ್ತಿರ ತೋರಿಸಲು ಒಂದು ಬಂಡೆ, ಒಂದು ಬಾಗಿಲು, ಮಿಣುಕುವ ಹತ್ತು ಬಲ್ಬು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾಗಿ ಪಾಪ, ಮುಖವನ್ನೇ ತೋರಿಸುತ್ತಿದ್ದರು.

ಇನ್ನು ತಮ್ಮ ಸೇವೆಯ ವಿಚಾರ. ತಾವು ಬಂದಿರುವ ಸುದ್ದಿ ತಿಳಿದು, ಭಾನುವಾರಕ್ಕೆ ಎರಡು ಕಂತಿನಂತೆ ನನ್ನ ಅಂಗಳದಲ್ಲಿ ದೊಡ್ಡ ಟಿವಿ ಇಟ್ಟು ಹಟ್ಟಿಯವರನ್ನೆಲ್ಲ ಕರೆದೆ. ಮೊದಲ ದಿನ ನಲವತ್ತು ಜನ. ಎಪ್ಪತ್ತಾರರ ರಂಗಕ್ಕ ಎಲ್ಲರಿಗಿಂತ ಮುಂದೆ ಕೂತಿದ್ದಳು. ತಮ್ಮ ಕನ್ನಡದಲ್ಲಿ ಬಾಗಿಲಿಗೆ ಕೈ ಸಿಕ್ಕಿಕೊಂಡವನು ‘ನನಗೆ ತೀವ್ರ ವೇದನೆಯಾಗುತ್ತಿದೆ’ ಎಂದು ವಾರ್ತೆ ಓದುವವನಂತೆ ಹೇಳಿದ್ದನ್ನು ನಾವು ಸಹಿಸಿಕೊಂಡೆವು. ಆದರೆ ಯಜಮಾನ ಯಾವುದೋ ಯುದ್ಧದ ಸೇನಾಪತಿಯಂತೆ, ತಂಗಿ ವಿಜ್ಞಾನಾಧಿಕಾರಿಯಂತೆ, ಅಳಿಯ ಏಳನೇ ನಂಬರಿನ ಗಣಕಯಂತ್ರವಂತೆ. ಇಡೀ ನೌಕೆಯಲ್ಲಿ ಹೆಸರಿಗೆ ಒಂದು ಕುರಿಯಿಲ್ಲ. ನನ್ನ ನೋಟ್ ಪುಸ್ತಕದೊಂದಿಗೆ ತಮ್ಮ ಧಾರಾವಾಹಿಯನ್ನು ತಾಳೆ ನೋಡಿದೆ. ಮೊದಲನೇ ಕಂತಿನಲ್ಲೇ ತಮ್ಮ ಕಡೆಯಿಂದ ಮೂವತ್ತೊಂದು ತಪ್ಪುಗಳಾಗಿವೆ.

ಶಿರಾದಲ್ಲಿ ಬಿ.ಎಸ್ಸಿ. ಓದುತ್ತಿರುವ ರಂಗಕ್ಕನ ಮೊಮ್ಮಗಳು ಶ್ರೀಲತಾ ನಗುತ್ತಲೇ ಕೇಳಿದಳು, “ಅಜ್ಜಿ, ನೀನ್ ಹೇಳಿದ್ದು ಒಂದೂ ಇದ್ರಾಗಿಲ್ವಲ್ಲ?”

ರಂಗಕ್ಕ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು: “ಅವ್ರ ಮಾತು ನಂಗೆಲ್ಲಿ ಬತ್ತಿತ್ತು ಕಣಮ್ಮ. ಕುರಿಗೇನು ಮಾತು ಬತ್ತದಾ? ಮಕ ನೋಡಿ ತಿಳ್ಕಂತೀವಲ್ಲ, ಅಂಗೇ ಇವ್ರನ್ನೂ ತಿಳ್ಕಂಡೆ.”

ಅವಳ ವಾರಗೆಯ ಜುಂಜಪ್ಪ ನನ್ನ ಹೆಗಲು ತಟ್ಟಿ, “ಮೂವತ್ತೈದ್ ವರ್ಸ ಆ ಅಳಿಯನ್ಗೆ ಅಯ್ಯೋ ಪಾಪ ಅಂದ್ಬುಟ್ಟೆನಲ್ಲಾ, ಅದು ಬರೀ ಡಬ್ಬ ಕಣ್ಲಾ” ಎಂದ. ಅಂಗಳವೆಲ್ಲ ನಕ್ಕಿತು, ನಾನೂ ನಕ್ಕೆ. ಮುಂದಿನ ಭಾನುವಾರ ಕಂತು ಶುರುವಾಗುವ ಮುಂಚೆ ಯಾರೋ ರಂಗಕ್ಕನ ಮುಂದೆ ಕಡಲೆಕಾಯಿ ತುಂಬಿದ ಮೊರ ತಂದಿಟ್ಟರು. ಕೆಟ್ಟ ಬುದ್ಧಿಯಿಂದ ಇಟ್ಟಿದ್ದಲ್ಲ, ಎಲ್ಲರ ಮುಂದೆಯೂ ಒಂದೊಂದಿತ್ತು. ನಮ್ಮ ಹಟ್ಟಿಯಲ್ಲಿ ಇದಕ್ಕಿಂತ ದೊಡ್ಡ ತೀರ್ಪು ಇಲ್ಲವೆಂಬುದು ಇಟ್ಟವರಿಗೂ ಹೊಳೆಯಲಿಲ್ಲ. ಆಕೆ ಮೊರವನ್ನು ಹತ್ತಿರಕ್ಕೆಳೆದುಕೊಂಡು ಬಿಡಿಸತೊಡಗಿದಳು. ಅವತ್ತಿನಿಂದ ಆಕೆ ಕಥೆ ಹೇಳುವುದನ್ನು ಬಿಟ್ಟಳು. ಆಕಾಶದ್ದಷ್ಟೇ ಅಲ್ಲ, ಪಕ್ಕದ ಮನೆಯದ್ದೂ.

ಅವಳ ಮಾತಿಗೆ ಉಳಿದಿದ್ದ ಒಂದೇ ಸಾಕ್ಷಿಯನ್ನೂ ತಾವು ಅಳಿಸಿರುವುದು ನನ್ನ ಮುಖ್ಯ ದೂರು. ನೌಕೆಯ ನೆತ್ತಿಯಿಂದ ಮೇಲಕ್ಕೆ ಒಂದು ಕರೀದಾರ ಹೋಗಿರುತ್ತದೆ, ಹೊಸ ಮನೆಗೆ ಕಟ್ಟುವಂತೆ ದೃಷ್ಟಿಗೆಂದು ಕಟ್ಟಿದ್ದಾರೆ ಎಂದು ಆಕೆ ಅಂದೇ ಹೇಳಿದ್ದಳು, ನಾಲ್ಕನೇ ಪುಟದಲ್ಲಿ ಬರೆದಿದ್ದೇನೆ. ಗೊಂಬೆ ನೌಕೆಯನ್ನು ತೂಗುಹಾಕಿದ ದಾರ ಅದೆಂದು ನನಗೆ ಈಗ ಗೊತ್ತು, ಆದರೆ ಇದ್ದದ್ದಂತೂ ನಿಜವಲ್ಲವೇ? ಚಿತ್ರ ನಿಲ್ಲಿಸಿ, ಹಿಗ್ಗಿಸಿ, ಜುಂಜಪ್ಪನಿಗೆ ತೋರಿಸಲು ಹೋದರೆ ಮೇಲೆ ಬರೀ ನುಣ್ಣನೆಯ ಆಕಾಶ. ಹಳೆಯ ಗೀರು, ದಾರಗಳನ್ನೆಲ್ಲ ಶ್ರಮವಹಿಸಿ ತೆಗೆದು ಶುಚಿಗೊಳಿಸಿದ್ದೇವೆಂದು ಶುರುವಿನಲ್ಲೇ ಹೆಮ್ಮೆಯಿಂದ ಬರೆದುಕೊಂಡಿದ್ದೀರಿ. ತಮ್ಮ ಶುಚಿತ್ವಕ್ಕೆ ಕೈಮುಗಿದೆ. ನಮ್ಮಲ್ಲಿ ಕಾಯಿ ಜರಡಿ ಹಿಡಿಯುವವರು ಇಷ್ಟು ಶುಚಿಯಾಗಿ ಹಿಡಿದಿದ್ದರೆ ಬಿತ್ತನೆ ಬೀಜವೂ ಹೊಟ್ಟಿನ ಜೊತೆ ಹೋಗುತ್ತಿತ್ತು.

ಹದಿಮೂರನೇ ಭಾನುವಾರ ಇಪ್ಪತ್ತಾರನೇ ಕಂತು ಬಂತು. ನೌಕೆಯ ಇಂಜಿನ್ನು ನಿಂತಿದೆ. ಯಜಮಾನ ಕಿಟಕಿಯ ಹತ್ತಿರ ಒಬ್ಬನೇ ನಿಂತಿದ್ದಾನೆ. ಬೆಳ್ಳಿ ಬಟ್ಟೆಯವಳು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಅವನು ತಿರುಗಿ, ಮೊದಲ ಸಲ ಅವಳನ್ನು ನೇರವಾಗಿ ನೋಡಿ, ಬಾಯಿ ತೆರೆಯುತ್ತಾನೆ. ಅಷ್ಟೇ. ಹೆಸರುಗಳು ಮೇಲಕ್ಕೆ ಹೋಗತೊಡಗಿದವು. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದೆ. ಶ್ರೀಲತಾ ಫೋನಿನಲ್ಲಿ ಹುಡುಕಿ, ಮಾಡಿದವರೇ ಅಲ್ಲಿಗೆ ನಿಲ್ಲಿಸಿಬಿಟ್ಟರಂತೆ, ಮುಂದಿನದು ಎಲ್ಲೂ ಇಲ್ಲವಂತೆ ಎಂದಳು.  ಯಾರ ಕೈಯಲ್ಲೂ ಕಾಯಿ ಒಡೆಯುವ ಸದ್ದಿಲ್ಲ.

ಮಾನ್ಯರೇ, ಆಗ ಆ ಬಿ.ಎಸ್ಸಿ. ಹುಡುಗಿ ಎದ್ದು ಹೋಗಿ, ಅಜ್ಜಿಯ ಮುಂದಿದ್ದ ಮೊರವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೇಳಿದಳು: “ಅಜ್ಜಿ, ಆಮೇಲೇನಾತು?”

ರಂಗಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಎಲ್ಲರನ್ನೂ ಬೇಕಾದಷ್ಟು ಹೊತ್ತು ಕಾಯಿಸಿ, ನನ್ನ ಕಡೆ ನೋಡಿ ಹೇಳಿದಳು: “ಮೊದ್ಲು ಅದನ್ನ ಆರ್ಸು ಚಿಕ್ಕರಾಜ. ಎರಡೆರಡು ಕಡೆ ನೋಡ್ಕಂಡು ಕೇಳಾಕಾಗಲ್ಲ.”

ಆರಿಸಿದೆ. ಯಜಮಾನ ಬಾಯಿ ತೆರೆದದ್ದು ‘ಉಂಡ್ಯೇನವ್ವ’ ಎಂದು ಕೇಳಲಿಕ್ಕಂತೆ. ತಂಗಿ ಉತ್ತರ ಕೊಡದೆ ಚಾಲಕನ ಕುರ್ಚಿಗೆ ಹೋಗಿ ಕೂತಳಂತೆ. ಮನೆಅಳಿಯ ಯಾರೂ ಕೇಳದಿದ್ದರೂ ಮೊದಲ ಸಲ ತಾನಾಗಿಯೇ ಬಾಯಿಬಿಟ್ಟು, ಆ ಕಡೆ ಹಸಿರು ಕಾಣುತ್ತದೆ ಎಂದನಂತೆ. ಜುಂಜಪ್ಪ ಕಣ್ಣೊರೆಸಿಕೊಂಡ. ಅಂದು ಅವಳೇ ಹೇಳಿದ್ದನ್ನು ಬರೆದುಕೊಂಡ ನನ್ನ ಪುಸ್ತಕದ ನೂರೆಂಬತ್ತಮೂರನೇ ಪುಟದ ಪ್ರಕಾರ ನೌಕೆ ಆಗಲೇ ನೀರಿರುವ ಜಾಗ ಸೇರಿ ನೆಲೆನಿಂತಿದೆ, ಚಾಲಕನ ಕುರ್ಚಿಯ ಪ್ರಸ್ತಾಪವೇ ಇಲ್ಲ. ಎರಡಕ್ಕೂ ತಾಳೆಯಿಲ್ಲವೆಂದು ಹೇಳಲು ಪೆನ್ನು ತೆಗೆದೆ. ಮೊಮ್ಮಗಳ ಮುಖ ನೋಡಿ ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡು, ಅವಳ ಮೊರದಿಂದ ಎರಡು ಹಿಡಿ ನನ್ನ ಕಡೆ ಎಳೆದುಕೊಂಡೆ. ಇಪ್ಪತ್ತೇಳನೇ ಕಂತು ಆ ಭಾನುವಾರಕ್ಕೆ ಮುಗಿಯಲಿಲ್ಲ, ಇಲ್ಲಿಯವರೆಗೂ ಮುಗಿದಿಲ್ಲ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಅಳಿಸಿದ ದಾರವನ್ನು ದಯವಿಟ್ಟು ಮೊದಲಿದ್ದ ಜಾಗದಲ್ಲೇ ಕಟ್ಟಿಕೊಡಿ. ಕಟ್ಟಲು ಬಾರದಿದ್ದರೆ ನಮ್ಮಲ್ಲಿ ಯಾರನ್ನಾದರೂ ಕಳಿಸುತ್ತೇವೆ. ಭಾಷೆ ಆರಿಸಿಕೊಳ್ಳುವ ಪಟ್ಟಿಯಲ್ಲಿ ಹಿಂದಿ, ತೆಲುಗು, ಕನ್ನಡಗಳ ಕೆಳಗೆ ‘ರಂಗಕ್ಕ’ ಎಂದು ಇನ್ನೊಂದು ಗುಂಡಿ ಇಡಿ. ಅಳಿಯನ ಊಟದ ವಿಚಾರದಲ್ಲಿ ತಮ್ಮ ಮೇಲಧಿಕಾರಿಗಳು ಒಂದು ಸ್ಪಷ್ಟನೆ ಕೊಟ್ಟರೆ ಜುಂಜಪ್ಪನಿಗೆ ನೆಮ್ಮದಿ. ಧಾರಾವಾಹಿಯ ಉಳಿದ ಕಥೆ ಬೇಕಿದ್ದಲ್ಲಿ ತಾವೇ ಭಾನುವಾರ ಮಧ್ಯಾಹ್ನ ದಯಮಾಡಿಸಬಹುದು. ಕೂರಲು ಚಾಪೆ ನಮ್ಮದು. ಮೊರ ಮಾತ್ರ ಪ್ರತಿಯೊಬ್ಬರಿಗೂ ಒಂದು, ವ್ಯವಸ್ಥಾಪಕರಿಗೆ ರಿಯಾಯಿತಿ ಇಲ್ಲ.

ದಾರ ಮರಳಿ ಬಂದ ದಿನದಿಂದ ತಮ್ಮ ವಿಶ್ವಾಸಿ,
ಅಲ್ಲಿಯವರೆಗೆ ಬರೀ ಚಂದಾದಾರ,
ಚಿಕ್ಕರಾಜು

ಮರೆತಿದ್ದ ಮಾತು: ಅರ್ಧ ಗಂಟೆ ಯಾರೂ ರಿಮೋಟು ಮುಟ್ಟದಿದ್ದರೆ ತಮ್ಮ ಆ್ಯಪು ಪರದೆಯ ಮೇಲೆ ‘ಇನ್ನೂ ನೋಡುತ್ತಿದ್ದೀರಾ?’ ಎಂದು ಬಹಳ ಕಾಳಜಿಯಿಂದ ವಿಚಾರಿಸುತ್ತದೆ. ಟಿವಿ ಆರಿಸಿರುವುದರಿಂದ ಈಚೆಗೆ ಅದಕ್ಕೆ ಉತ್ತರಿಸಲಾಗಿಲ್ಲ, ತಪ್ಪು ತಿಳಿಯಬಾರದು. ನೋಡುತ್ತಿಲ್ಲ ಸ್ವಾಮಿ, ಕೇಳುತ್ತಿದ್ದೇವೆ.