ಪೇರೆಂಕೈಮಾ ಮಾಮಾ

ಸೇಡಂ ಪೇಟೆಯಲ್ಲಿ ತರಕಾರಿಯವರು ಯಾರನ್ನಾದರೂ ಕಂಡು ಬುಟ್ಟಿ ಮುಚ್ಚಿದರೆಂದರೆ, ಬಂದವರು ನಮ್ಮ ಮಾಮಾನೇ ಆಗಿರಬೇಕು! ನನ್ನ ಅಕ್ಕನ ಗಂಡ. ಚಿತ್ತಾಪುರದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತು, ಅವರು ಪಾಠವನ್ನು ಬಿಡಲಿಲ್ಲ.

ಅಕ್ಕನಿಗೆ ಲಕ್ವಾ ಹೊಡೆದ ಮೇಲಂತೂ ಕೇಳಲೇಬೇಡಿ. ಅವಳಿಗೆ ನುಂಗುವುದೇ ಕಷ್ಟ. ಒಂದು ನಾರು ಗಂಟಲಲ್ಲಿ ಸಿಕ್ಕರೂ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಮಾಮಾ ಪೇಟೆಯ ಒಂದೊಂದು ಕಾಯಿಯನ್ನೂ ಮುರಿದು ನೋಡಿಯೇ ತರುವುದು.

"ಸರ, ಕಣ್ಲೆ ನೋಡ್ರಿ, ಕೈಲೆ ಮುರೀಬ್ಯಾಡ್ರಿ!" ಎಂದು ಚವಳಿಕಾಯಿ, ಅದೇ ಗೋರಿಕಾಯಿ, ಮಾರುವವಳು ಕೂಗುತ್ತಾಳೆ.

"ಮುರೀದೆ ಹ್ಯಾಂಗ ತಿಳೀತದವ್ವಾ? ಇದರಾಗ ಸ್ಕ್ಲೀರೆಂಕೈಮಾ ಭಾಳ ಅದ."

"ಅಯ್ಯ, ನಾ ಅದೆಲ್ಲಾ ಹಾಕಿಲ್ಲರಿ! ಬರೇ ಶೆಗಣಿ ಗೊಬ್ಬರ ಹಾಕೀನಿ!"

ಹತ್ತನೆಯ ತರಗತಿಗೇ ಓದು ಮುಗಿಸಿದ ನನಗೂ ಪಾಠ ತಪ್ಪಲಿಲ್ಲ.

"ಕುದಿಸಿದ ಆಲೂಗಡ್ಡಿ ಹಿಚುಕಿ ನೋಡಪಾ. ಇದು ಪೇರೆಂಕೈಮಾ. ಕೋಶಕ್ಕ ತೆಳ್ಳನ ಗೋಡಿ, ನಡುನಡುವೆ ಜಾಗ, ಒಳಗ ಊಟದ ಗಂಟು. ಈ ದಂಟಿನ ಏಣು ಕೋಲೆಂಕೈಮಾ. ಇದಕ್ಕೂ ಜೀವ ಅದ, ಗೋಡಿ ಮೂಲ್ಯಾಗಷ್ಟೇ ದಪ್ಪ, ಬಾಗತದ, ಮುರಿಯಂಗಿಲ್ಲ. ತೆಂಗಿನ ಚಿಪ್ಪು, ಕಾಯಿಯ ನಾರು ಸ್ಕ್ಲೀರೆಂಕೈಮಾ. ಸತ್ತು ಗಟ್ಟಿಯಾಗಿರ್ತದ."

"ಸತ್ತ ಮ್ಯಾಲ ಗಟ್ಟಿಯಾಗಿ ಏನು ಉಪಯೋಗ, ಮಾಮಾ?"

"ಹುಚ್ಚಾ, ಗಿಡ ನಿಂತಿರೋದೇ ಅದರ ಬಲದ ಮ್ಯಾಲ!"

ಒಮ್ಮೆ ತುಂಬಿ ತುಳುಕುವ ವಾಡಿ ಬಸ್ಸಿನಲ್ಲಿ, "ಪೇರೆಂಕೈಮಾದಂಗ ಕುಂದ್ರಿ, ನಡುವ ಜಾಗ ಬಿಡ್ರಿ!" ಎಂದು ಕೂಗಿಬಿಟ್ಟರು. ಅದು ಯಾವ ರೋಗವೋ ಎಂದು ಹೆದರಿ ಪಕ್ಕದವರು ನಿಜವಾಗಿಯೂ ಸರಿದು ಕುಳಿತರು!

ಇಷ್ಟೆಲ್ಲ ನಗಾಡಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕಲ್ಲ. ಈ ಮನುಷ್ಯ ಪುಸ್ತಕ ನೋಡಿ ನೋಡಿ ನನ್ನ ಅಕ್ಕನನ್ನು ಉಪವಾಸ ಕೆಡವುತ್ತಿದ್ದಾನೆಂದೇ ನನ್ನ ಅನುಮಾನವಾಗಿತ್ತು. ಮೊನ್ನೆ ಅವರು ಸ್ನಾನಕ್ಕೆ ಹೋಗಿದ್ದಾಗ ಅಕ್ಕ ಪೇರಲ ಹಣ್ಣಿನತ್ತ ಆಸೆಯಿಂದ ನೋಡಿದಳು. ಮೆತ್ತಗಿದೆಯಲ್ಲ ಎಂದು ಒಂದು ಹೋಳು ಅವಳ ಬಾಯಿಗಿಟ್ಟೆ. ಆ ಮೆತ್ತನೆಯ ತಿರುಳಿನಲ್ಲೂ ಮರಳಿನಂಥ ಗಟ್ಟಿ ಕೋಶಗಳಿರುತ್ತವೆಂದು ನನಗೇನು ಗೊತ್ತು? ಅಕ್ಕ ಕೆಮ್ಮಿದಳು, ಮುಖ ಕೆಂಪೇರಿತು. ಮಾಮಾ ಒದ್ದೆ ಟವೆಲಿನಲ್ಲೇ ಪರಸಿಕಲ್ಲಿನ ನೆಲದ ಮೇಲೆ ಜಾರುತ್ತ ಓಡಿಬಂದು, ಅವಳನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಗುದ್ದಿದರು. ಹೋಳು ಹೊರಬಿತ್ತು.

ಮಾಮಾ ನನಗೆ ಒಂದು ಮಾತೂ ಬೈಯಲಿಲ್ಲ. ಉಳಿದ ಪೇರಲವನ್ನು ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ನುಣ್ಣಗಿನ ಮಂದ ತಿರುಳನ್ನು ನನ್ನ ಕೈಗೇ ಕೊಟ್ಟು, "ನೀನೇ ಉಣಸು. ತಮ್ಮನ ಕೈಲೆ ಉಂಡ್ರ ಆಕಿಗಿ ಖುಷಿ" ಎಂದರು. ಅಕ್ಕ ಚಪ್ಪರಿಸಿ ತಿಂದಳು.

ಬಟ್ಟಲು ಇಡಲು ಅಡುಗೆಮನೆಗೆ ಹೋದೆ. ಮಾಮಾ ಊಟಕ್ಕೆ ಕುಳಿತಿದ್ದರು. ತಟ್ಟೆಯಲ್ಲಿ ರೊಟ್ಟಿ, ಪಕ್ಕದಲ್ಲಿ ಚವಳಿಕಾಯಿಯ ನಾರು, ದಂಟಿನ ಸಿಪ್ಪೆ, ಬಟ್ಟೆಯಲ್ಲಿ ಉಳಿದ ಪೇರಲದ ಚರಟ, ಮೇಲಿಷ್ಟು ಖಾರಪುಡಿ. ಅರ್ಧ ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಅಗಿಯುತ್ತಿದ್ದರು.

"ಇದೇನ್ರಿ ಮಾಮಾ, ಎಮ್ಮಿಗೆ ಹಾಕೋದು ತಿನ್ನಾಕತ್ತೀರಿ?"

"ಮದಿವ್ಯಾದಾಗಿಂದ ಆಕಿನ್ನ ಬಿಟ್ಟು ಬ್ಯಾರೆ ಉಂಡಿಲ್ಲಪಾ. ಹಿಂಗ ಮಾಡಿದ್ರ ಒಂದೇ ಕಾಯಿ ಇಬ್ಬರೂ ಉಂಡಂಗಾಗ್ತದ."

ನಾನು ಅವರ ಪಕ್ಕದಲ್ಲಿ ಕುಳಿತೆ. ಮಾಮಾ ತಟ್ಟೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿದರು.