ಬಿಟ್ಟಂಗಾಲದ ಗೇಮಿಂಗ್ ಕಂಪ್ಯೂಟರ್

ಎಲ್ಲೋ ನೋಡಿಕೊಂಡು ಏನೋ ಮಾಡುವುದು ನನ್ನ ಹುಟ್ಟುಗುಣ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತೇನೆ. ಬಸ್ಸಿನ ಕಿಟಕಿ ಪಕ್ಕ ಕೂತು ಮಂಜು ನೋಡುತ್ತಾ ನನ್ನ ಸ್ಟಾಪು ದಾಟಿ ಹೋಗುತ್ತೇನೆ. ಅದೂ ನನ್ನ ಗಂಡನೇ ಓಡಿಸುವ ಬಸ್ಸಿನಲ್ಲಿ. ಹೀಗಿರುವವಳಿಗೆ ನಗುವ ಸಂಗತಿಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಆದರೆ ಈ ಸಲ ಕಾಫಿ ಹೂವು ಬಿಟ್ಟಾಗಿನಿಂದ ಮಳೆ ಹಿಡಿಯುವವರೆಗೆ ಆದದ್ದು ಸ್ವಲ್ಪ ಹೆಚ್ಚೇ ಅನ್ನಬೇಕು.

ನಾನು ವಿರಾಜಪೇಟೆ ಪಕ್ಕದ ಬಿಟ್ಟಂಗಾಲದ ಒಂದು ಎಸ್ಟೇಟಿನಲ್ಲಿ ರೈಟರ್. ರೈಟರ್ ಅಂದರೆ ಕತೆ ಬರೆಯುವವಳಲ್ಲ. ಇವತ್ತು ಯಾರು ಕೆಲಸಕ್ಕೆ ಬಂದರು, ಯಾವ ಬ್ಲಾಕಿನಲ್ಲಿ ಎಷ್ಟು ಕಾಫಿ ಪಿಕ್ಕಿಂಗ್ ಆಯಿತು ಅಂತ ಪುಸ್ತಕದಲ್ಲಿ ಬರೆಯುವವಳು. ಮದುವೆಗೆ ಮುಂಚೆ ವಿರಾಜಪೇಟೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಅಲ್ಲಿನ ಕಂಪ್ಯೂಟರುಗಳನ್ನು ಬಿಚ್ಚುವುದು, ಜೋಡಿಸುವುದು ಎಲ್ಲ ನಾನೇ. ಕಲಿಯುವವರೆಲ್ಲ ಹೋದ ಮೇಲೆ ಒಂದು ಗಂಟೆ ಕಾರಿನ ಗೇಮ್ ಆಡುತ್ತಿದ್ದೆ. ಒಂದು ಪಕ್ಕ ಬೆಟ್ಟ, ಒಂದು ಪಕ್ಕ ಸಮುದ್ರ, ನಡುವೆ ಯಾರೂ ಇಲ್ಲದ ರಸ್ತೆ. ನನಗೆ ನಿಜವಾದ ಕಾರು ಓಡಿಸಲು ಬರುವುದಿಲ್ಲ. ಆ ರಸ್ತೆ ಮಾತ್ರ ಕಣ್ಣು ಮುಚ್ಚಿದರೂ ಬರುತ್ತಿತ್ತು. ಆಮೇಲೆ ಕ್ಲಾಸು ಮುಚ್ಚಿತು, ಮದುವೆಯಾಯಿತು, ಹದಿನೇಳು ವರ್ಷ ಹಾಗೇ ಹೋಯಿತು.

ಈ ವರ್ಷ ಹೂವು ಬಿಟ್ಟ ಒಂದು ಮಧ್ಯಾಹ್ನ. ಇಡೀ ತೋಟ ಬೆಳ್ಳಗಾಗಿ, ಆ ಘಮಕ್ಕೆ ತಲೆ ಸ್ವಲ್ಪ ತೇಲಿದ ಹಾಗೆ ಇತ್ತು. ಆಫೀಸಿನ ಜಗಲಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ ಫೋನಿನಲ್ಲಿ ಹೊಸ ಕಾರಿನ ಗೇಮ್ ಒಂದರ ವಿಡಿಯೋ ಬಂತು. ಆಗ ತಾನೇ ಮಳೆ ನಿಂತ ರಸ್ತೆ. ಆ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ನನ್ನ ತುತ್ತು ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಕಾಗೆ ಬಂದು ಬುತ್ತಿಯಿಂದ ಹುರಿದ ಮೀನು ಎತ್ತಿಕೊಂಡು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ. "ಒಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಕು ಅಂತ ಉಂಟು. ಐವತ್ತು ಸಾವಿರದ ಒಳಗೆ. ಬೋನಸ್ ದುಡ್ಡು ಹಾಗೇ ಇಟ್ಟಿದ್ದೇನೆ."

ಅವರು ಮಾತು ಕಡಿಮೆಯ ಮನುಷ್ಯ. ಕಾಫಿ ಪೂರ್ತಿ ಕುಡಿದು ಮುಗಿಸಿ, "ನಿನಗೆ ಬೇಕಾ?" ಅಂತ ಕೇಳಿದರು.

"ಬೇಕು."

"ಹಾಗಾದ್ರೆ ತಗೋ."

ನನಗಾಗಿ ಏನಾದರೂ ಬೇಕು ಅಂತ ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ಖುಷಿಗಿಂತ ಹೆಚ್ಚು ಭಯವಾಯಿತು. ಬೋನಸ್ ಬರುವುದು ವರ್ಷಕ್ಕೊಮ್ಮೆ. ಒಂದು ಸಾಮಾನು ತಪ್ಪಿ ತಂದರೂ ಆ ರಸ್ತೆ ಇನ್ನೊಂದು ವರ್ಷ ದೂರ.

ಎಷ್ಟು ವರ್ಷ ಹೊರಗಿದ್ರಿ?

ಮೊದಲು ವಿರಾಜಪೇಟೆಯ ಅಂಗಡಿಗೆ ಹೋದೆ. ಹಳೆಯ ಮೇಷ್ಟ್ರು ಪುನಃ ಶಾಲೆಗೆ ಬಂದ ಗತ್ತಿನಲ್ಲಿ, "ಕ್ಯಾಬಿನೆಟ್ ತೋರಿಸಿ" ಅಂದೆ. ಕ್ಯಾಬಿನೆಟ್ ಅಂದರೆ ಎಲ್ಲ ಭಾಗಗಳನ್ನೂ ಒಳಗೆ ಕೂರಿಸುವ ಡಬ್ಬಿ. ನಮ್ಮ ಕಾಲದಲ್ಲಿ ಅದು ಹಳೇ ಹಲ್ಲಿನ ಬಣ್ಣದ ತಗಡಿನ ಪೆಟ್ಟಿಗೆ. ಇಲ್ಲಿ ನೋಡಿದರೆ ಒಂದು ಪಕ್ಕ ಪೂರ್ತಿ ಗಾಜು, ಒಳಗೆ ಹಸಿರು, ನೇರಳೆ, ಗುಲಾಬಿ ಬೆಳಕು ತಿರುಗುತ್ತಾ ಇದೆ. ನಾನು ಅದರ ಮುಂದೆ ನಿಂತು, ಅಕ್ವೇರಿಯಂ ಅಂದುಕೊಂಡು, ಮೀನು ಹುಡುಕುತ್ತಿದ್ದೆ ಅಂದರೆ ಸುಳ್ಳಲ್ಲ.

ಅಂಗಡಿಯವರು ಕೆಮ್ಮಿದಾಗ ಎಚ್ಚರವಾಯಿತು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ.

"ಇದಕ್ಕೆ ಸಿಡಿ ಹಾಕುವುದು ಎಲ್ಲಿ?"

ಅಂಗಡಿಯವರು ನನ್ನನ್ನೇ ನೋಡಿದರು. "ಸಿಡಿಯಾ?"

"ಹೌದು. ಮತ್ತೆ ಎಂಬತ್ತು ಜಿಬಿ ಹಾರ್ಡ್ ಡಿಸ್ಕ್ ಸಾಕಾಗ್ತದೆ ಅಲ್ವಾ? ಹೆಚ್ಚು ಬೇಡ."

ಅವರು ಮೆಲ್ಲಗೆ ಕುರ್ಚಿ ಎಳೆದು ಕೊಟ್ಟರು. ಕಾಫಿಗೆ ಹೇಳಿದರು. ಆಮೇಲೆ, ಆಸ್ಪತ್ರೆಯಲ್ಲಿ ಮಾತಾಡಿಸುವ ಹಾಗೆ ಮೆದುವಾಗಿ ಕೇಳಿದರು: "ಮೇಡಂ, ನೀವು ಎಷ್ಟು ವರ್ಷ ಹೊರದೇಶದಲ್ಲಿ ಇದ್ರಿ?"

"ನಾನು ಬಿಟ್ಟಂಗಾಲದಲ್ಲೇ ಇದ್ದೆ," ಅಂದೆ.

ಹೊಸ ಆಳು ರಾಮ

ಅಲ್ಲಿಂದ ಬಂದವಳು ಓದಲು ಕೂತೆ. ನೆಟ್‌ವರ್ಕ್ ಇರುವುದು ಎಸ್ಟೇಟಿನ ಆಫೀಸಿನ ಮೆಟ್ಟಿಲ ಮೇಲೆ ಮಾತ್ರ. ಮಧ್ಯಾಹ್ನದ ಊಟದ ಹೊತ್ತು ಅಲ್ಲೇ ಕೂತು ವಿಡಿಯೋ ನೋಡುವುದು, ಆಮೇಲೆ ಇಡೀ ಮಧ್ಯಾಹ್ನ ಅದನ್ನೇ ನೆನೆಯುವುದು. ಮರಗಳ ನಡುವಿನ ಬಿಸಿಲು ಪುಸ್ತಕದ ಮೇಲೆ ಬಿದ್ದು ಅಲುಗಾಡುತ್ತಿದ್ದರೆ ನನಗೆ ಅದೂ ಆ ಡಬ್ಬಿಯೊಳಗಿನ ಬೆಳಕಿನ ಹಾಗೇ ಕಾಣುತ್ತಿತ್ತು.

ಕಂಪ್ಯೂಟರಿಗೆ ರ್‍ಯಾಮ್ ಎಷ್ಟು ಹಾಕಬೇಕು ಅನ್ನುವುದು ಆ ವಾರದ ಚಿಂತೆ. ಕೆಲಸ ನಡೆಯುವಾಗ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಅದರಲ್ಲೇ. ಹದಿನಾರು ಜಿಬಿ ಬೇಕೇ ಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಹದಿನಾರರ ಒಂದೇ ಪಟ್ಟಿ ತಗೊಳ್ಳುವುದೋ, ಎಂಟೆಂಟರ ಎರಡು ತಗೊಳ್ಳುವುದೋ? ಹೀಗೆ ಯೋಚಿಸುತ್ತಾ ಆಳುಗಳ ಹಾಜರಿ ಬರೆಯುತ್ತಿದ್ದೆ.

ಮರುದಿನ ಎಸ್ಟೇಟಿನ ಧಣಿಗಳು ಪುಸ್ತಕ ತಿರುವಿ ನೋಡುತ್ತಾ ಒಂದು ಕಡೆ ಬೆರಳಿಟ್ಟರು.

"ಈ ರಾಮ ಯಾರು? ಹದಿನಾರು ಅಂತ ಬರೆದಿದ್ದೀರಿ. ಹದಿನಾರು ದಿನ ಬಂದಿದ್ದಾನಾ? ನಾನು ನೋಡಿಯೇ ಇಲ್ಲವಲ್ಲ."

ಬಗ್ಗಿ ನೋಡಿದೆ. ನನ್ನದೇ ಅಕ್ಷರ. ಎಸ್ಟೇಟಿನ ಲೈನ್ ಮನೆಗಳ ಆಳುಗಳ ಹೆಸರಿನ ಸಾಲಿನಲ್ಲಿ ಚೆಂದವಾಗಿ 'ರಾಮ್ 16' ಅಂತ ಇದೆ. ನನ್ನ ಬಾಯಿಂದ ಹೊರಟದ್ದು ತಲೆಯಲ್ಲಿ ಇದ್ದದ್ದೇ.

"ಒಂದು ಹದಿನಾರೋ, ಎರಡು ಎಂಟೋ ಅಂತ ಇನ್ನೂ ತೀರ್ಮಾನ ಆಗಿಲ್ಲ ಸಾರ್."

ಧಣಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂವತ್ತು ವರ್ಷ ತೋಟ ಮಾಡಿದವರು. "ಒಬ್ಬನನ್ನು ಹದಿನಾರು ದಿನ ಇಟ್ಟುಕೊಂಡ್ರೆ ಪ್ರಯೋಜನ ಇಲ್ಲ. ಇಬ್ಬರನ್ನು ಎಂಟೆಂಟು ದಿನಕ್ಕೆ ಜೋಡಿ ಮಾಡಿ ಹಾಕಿ. ಜೋಡಿ ಇದ್ರೆ ಕೆಲಸ ಚುರುಕು," ಅಂದರು.

ಅಷ್ಟು ವಿಡಿಯೋಗಳು ಗಂಟೆಗಟ್ಟಲೆ ಬೋರ್ಡು ಬರೆದು ವಿವರಿಸಿದ್ದೂ ಇದನ್ನೇ. ಅವರು ಜೀಪು ಹತ್ತಿದ ಮೇಲೆ ರಾಮನ ಹೆಸರು ಹೊಡೆದು ಹಾಕಿದೆ. ಸಂಜೆಯೇ ಎಂಟೆಂಟರ ಜೋಡಿಗೆ ಆರ್ಡರ್ ಮಾಡಿದೆ. ಆ ವಾರವಿಡೀ ಧಣಿಗಳು ಸಿಕ್ಕಾಗಲೆಲ್ಲ ಕೇಳುತ್ತಿದ್ದರು: "ಆ ಇಬ್ಬರು ಬಂದ್ರಾ?"

ಕಾರ್ಡ್ ಹೇಗುಂಟು?

ಗೇಮಿಂಗ್ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಮಾನು ಗ್ರಾಫಿಕ್ಸ್ ಕಾರ್ಡ್. ಪರದೆಯ ಮೇಲೆ ಚಿತ್ರ ಬಿಡಿಸುವುದು ಅದೇ. ಹೊಸದು ನನ್ನ ಕೈಗೆ ಎಟುಕುವ ಮಾತಲ್ಲ. ಅಂಗಡಿಯವರೇ ಒಬ್ಬ ಮದುವೆ ವಿಡಿಯೋ ತೆಗೆಯುವವರ ವಿಷಯ ಹೇಳಿದರು. ಅವರು ಎಡಿಟಿಂಗಿಗೆ ದೊಡ್ಡ ಕಾರ್ಡ್ ಹಾಕಿಸಿಕೊಳ್ಳುವವರಿದ್ದರು, ಹಳೆಯದನ್ನು ಮಾರುವವರಿದ್ದರು.

ಹಳೇ ಕಾರ್ಡ್ ತಗೊಳ್ಳುವಾಗ ಏನೇನು ನೋಡಬೇಕು ಅಂತ ಚೀಟಿ ಬರೆದುಕೊಂಡು ಹೋದೆ. ಬಿಸಿಯಾಗುತ್ತದಾ, ಫ್ಯಾನ್ ಕಿರುಗುಟ್ಟುತ್ತದಾ, ಪರದೆ ಮಿನುಗುತ್ತದಾ. ಅವರು ನನ್ನನ್ನು ಕೂರಿಸಿ, "ನಿಮ್ಮೆದುರಿಗೇ ಓಡಿಸ್ತೇನೆ, ಸರಿಯಾಗಿ ನೋಡಿಕೊಳ್ಳಿ" ಅಂತ ಒಂದು ಮದುವೆ ಹಾಕಿದರು.

ಕೊಡವರ ಮದುವೆ. ಮದುಮಗಳು ತಲೆಯ ಮೇಲೆ ನೀರಿನ ಕೊಡ ಹೊತ್ತು ಬಾವಿಯಿಂದ ಮನೆಗೆ ಬರುತ್ತಿದ್ದಾಳೆ. ಗಂಡಿನ ಕಡೆಯ ನೆಂಟರು ಅವಳ ದಾರಿಗೆ ಅಡ್ಡ ನಿಂತು ಕುಣಿಯುತ್ತಿದ್ದಾರೆ. ಅವಳು ಒಂದು ಹೆಜ್ಜೆ ಇಟ್ಟರೆ ಇವರದು ಮೂವತ್ತು ಹೆಜ್ಜೆ ಕುಣಿತ. ವಾಲಗದ ಸದ್ದು, ಕೆಂಪು ಸೀರೆ, ಹಿಂದೆ ಮಂಜಿನಲ್ಲಿ ಅರ್ಧ ಮುಳುಗಿದ ಬೆಟ್ಟ. ಒಬ್ಬ ಅಜ್ಜ ಕುಣಿದು ಸುಸ್ತಾಗಿ ಕೂತು, ಮತ್ತೆ ಎದ್ದು ಕುಣಿದ. ಅವಳು ಮಾತ್ರ ಕದಲದೆ, ದೀಪದ ಹಾಗೆ ನಿಂತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ಚೀಟಿಯಲ್ಲೇ ಒರೆಸಿಕೊಂಡೆ.

ನಲವತ್ತು ನಿಮಿಷವಾದ ಮೇಲೆ ವಿಡಿಯೋ ಮುಗಿಯಿತು. "ಹೇಗುಂಟು ಮೇಡಂ?" ಅಂದರು.

"ಕುತ್ತಿಗೆ ಎಷ್ಟು ನೋಯ್ತಿತ್ತೋ ಏನೋ," ಅಂದೆ.

ಅವರು ಕಾರ್ಡನ್ನು ನೋಡಿದರು, ನನ್ನನ್ನು ನೋಡಿದರು. ಬೆಲೆ ಇಳಿಸಲು ಹೀಗೂ ಒಂದು ದಾರಿ ಇದೆ ಅಂದುಕೊಂಡರೋ ಏನೋ, ಕೇಳದೇ ಐನೂರು ರೂಪಾಯಿ ಬಿಟ್ಟರು.

ಅತ್ತೆಯ ಲೆಕ್ಕ

ಇದು ಚಿಕ್ಕದು. ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆ ಮನೆಗೆ ಬಂತು. ನಾನು ಹೆಮ್ಮೆಯಿಂದ ಅತ್ತೆಗೆ ತೋರಿಸಿ, "ಐನೂರೈವತ್ತು ವಾಟ್!" ಅಂದೆ.

ಅತ್ತೆ ಅಡುಗೆಮನೆಗೆ ಹೋದರು. ಮಿಕ್ಸಿಯನ್ನು ಬೋರಲು ಹಾಕಿ ಅದರ ಅಡಿ ಓದಿದರು. ವಾಪಸು ಬಂದು ಮರುಕದಿಂದ ಹೇಳಿದರು: "ನಮ್ಮದು ಏಳುನೂರೈವತ್ತು. ಅಷ್ಟು ದುಡ್ಡು ಕೊಟ್ಟು, ಒಂದು ಚಟ್ನಿ ಕೂಡ ಆಗದ್ದನ್ನು ತಂದಿದ್ದೀಯಲ್ಲ."

ಮೂರನೆಯ ಪಿನ್

ಎಲ್ಲ ಸಾಮಾನು ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಹೊರಗೆ ಮುಂಗಾರಿನ ಮೊದಲ ಮಳೆ ಹನಿಯುತ್ತಿತ್ತು. ಹದಿನೇಳು ವರ್ಷದ ಹಿಂದಿನ ಕೈ ತಾನಾಗಿ ನೆನಪು ಮಾಡಿಕೊಂಡು ಕೆಲಸ ಮಾಡುತ್ತಿತ್ತು. ಪ್ರೊಸೆಸರ್ ಹೊರಗೆ ತೆಗೆದೆ. ಅದು ಇಡೀ ಕಂಪ್ಯೂಟರಿನ ಮೆದುಳು. ಬಿಸ್ಕೆಟಿಗಿಂತ ಚಿಕ್ಕದು, ಅಡಿಯಲ್ಲಿ ಕೂದಲೆಳೆಯಂಥ ಸಾವಿರಕ್ಕೂ ಹೆಚ್ಚು ಚಿನ್ನದ ಬಣ್ಣದ ಪಿನ್ನುಗಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಭತ್ತದ ಗದ್ದೆಯ ಮೇಲೆ ಬೆಳಗಿನ ಬಿಸಿಲು ಬಿದ್ದ ಹಾಗೆ ಕಂಡಿತು. ನೋಡುತ್ತಾ ನೋಡುತ್ತಾ ನಾನು ಆ ಗದ್ದೆಯ ಬದುವಿನ ಮೇಲೇ ನಡೆಯುತ್ತಿದ್ದೆ. ಅಷ್ಟರಲ್ಲಿ 'ಟಕ್' ಅಂತ ಸದ್ದಾಯಿತು.

ಪ್ರೊಸೆಸರ್ ನೆಲದ ಮೇಲಿತ್ತು.

ಎತ್ತಿ ನೋಡಿದೆ. ಮೂಲೆಯಲ್ಲಿ ಎರಡು ಪಿನ್ ಬಾಗಿದ್ದವು. ಒಂದು ಮುರಿದರೂ ಮೆದುಳು ಸತ್ತಂತೆ. ಹೊಸದಕ್ಕೆ ದುಡ್ಡಿಲ್ಲ. ನನಗೆ ನಿಜವಾಗಿ ಅಳು ಬಂತು. ಗಂಡ ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಹೇಳಲು ಅವರಿಗೆ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂರುವುದು ಗೊತ್ತು.

"ಎಂತ ಆಯ್ತು? ಇಲ್ಲಿ ಕೊಡು," ಅಂದರು ಅತ್ತೆ. ಎರಡು ತಿಂಗಳ ಹಿಂದೆ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಅಂದಿನಿಂದ ಗೋಡೆಯ ಮೇಲಿನ ಇರುವೆಗಳನ್ನೆಲ್ಲ ನಮಗೆ ಎಣಿಸಿ ಹೇಳುತ್ತಿದ್ದರು.

ತೋಟದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ಚಿಮಟ ತಂದು, ಜಗಲಿಯ ಬೆಳಕಿನಲ್ಲಿ ಕೂತರು. ನಾನು ಅವರ ಹೆಗಲ ಮೇಲಿಂದ ಬಗ್ಗಿ ನಿಂತೆ. "ಮೆಲ್ಲಗೆ ಅತ್ತೆ... ಎರಡೇ ಪಿನ್ನು... ಮೆಲ್ಲಗೆ..."

ಅತ್ತೆ ಎಂಥದೋ ಹಳೇ ಹಾಡು ಗುನುಗುತ್ತಾ ಒಂದನ್ನು ನೆಟ್ಟಗೆ ಮಾಡಿದರು. ಇನ್ನೊಂದನ್ನೂ ಮಾಡಿದರು. ಆಮೇಲೆ ಮಧ್ಯಕ್ಕೆ ಹೋಗಿ ಮತ್ತೊಂದನ್ನು ಹಿಡಿದರು.

"ಅದು ಸರಿ ಉಂಟು ಅತ್ತೆ! ಬಿಡಿ!"

"ಸರಿ ಇಲ್ಲ. ಇದೂ ಸೊಟ್ಟ," ಅಂದು ಅದನ್ನೂ ಒಂದು ಎಳೆಯಷ್ಟು ಸರಿಸಿದರು.

ಪ್ರೊಸೆಸರನ್ನು ಅದರ ಜಾಗದಲ್ಲಿ ಇಟ್ಟೆ. ಒತ್ತಲೇ ಇಲ್ಲ, ತಾನಾಗಿ ಒಳಗೆ ಕೂತಿತು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಅವರು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, "ನೀನೂ ಒಮ್ಮೆ ಡಾಕ್ಟರಿಗೆ ಕಣ್ಣು ತೋರಿಸು ಮಾರಾಯ್ತಿ," ಅಂದರು.

ರೇಸ್

ಅದೇ ಭಾನುವಾರ ಮಧ್ಯಾಹ್ನ ಸ್ವಿಚ್ ಒತ್ತಿದೆ. ಫ್ಯಾನುಗಳು ಉಸಿರೆಳೆದ ಹಾಗೆ ತಿರುಗಿದವು. ಪರದೆ ಬೆಳಗಿತು. ಗೇಮ್ ಇಳಿಯಲು ಮಾತ್ರ ಮೂರು ದಿನ ಬೇಕಾಯಿತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲವಲ್ಲ, ಪೆನ್‌ಡ್ರೈವಿನಂಥ ಡಿಸ್ಕ್ ಒಂದನ್ನು ವಿರಾಜಪೇಟೆಯ ಅಂಗಡಿಗೆ ಕೊಟ್ಟು ತುಂಬಿಸಿಕೊಂಡು ಬಂದೆವು. ಮುಂದಿನ ಭಾನುವಾರ ಕೊನೆಗೂ ಆಡಿದೆ.

ಈ ಗೇಮಿನಲ್ಲೂ ಸಮುದ್ರವಿತ್ತು. ನಾನು ರೇಸ್ ಬಿಟ್ಟು ಬರೀ ರಸ್ತೆಯಲ್ಲಿ ಹೋದೆ. ಬೆಟ್ಟ ಇಳಿದೆ, ಸೇತುವೆ ದಾಟಿದೆ, ಎಲ್ಲಿಗೆ ಅಂತ ಇಲ್ಲದೆ ಹೋದೆ. ನಮ್ಮ ಹೆಂಚಿನ ಮೇಲೆ ಬೀಳುತ್ತಿದ್ದ ಮಳೆ ಯಾವುದು, ಆ ರಸ್ತೆಯ ಮೇಲೆ ಬೀಳುತ್ತಿದ್ದ ಮಳೆ ಯಾವುದು ಅಂತ ಗೊತ್ತಾಗಲಿಲ್ಲ. ಬಹಳ ಹೊತ್ತಾದ ಮೇಲೆ ತಿರುಗಿ ನೋಡಿದರೆ ಗಂಡ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದರು.

"ನೀವೂ ಒಮ್ಮೆ ಓಡಿಸಿ," ಅಂದೆ. ಅವರಿಗೆ ಸರಿಯಾದ ರೇಸನ್ನೇ ಹಾಕಿ ಕೊಟ್ಟೆ. ಹನ್ನೆರಡು ಕಾರುಗಳ ರೇಸ್.

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಗೀರು ಬೀಳಿಸದ ಮನುಷ್ಯ. ಕುರ್ಚಿ ಸರಿ ಮಾಡಿಕೊಂಡರು. ಕೀಬೋರ್ಡು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಹಸಿರು ದೀಪ ಬಿದ್ದದ್ದೇ ಉಳಿದ ಹನ್ನೊಂದು ಕಾರುಗಳು ಬಾಣದ ಹಾಗೆ ಹೋದವು. ಇವರು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮೆಲ್ಲಗೆ ಹೊರಟರು.

"ಹಾರನ್ ಎಲ್ಲಿ?"

ತೋರಿಸಿದೆ. ಪ್ರತಿ ತಿರುವಿಗೂ ಹಾರನ್ ಹೊಡೆದರು. ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದ ಕಾರುಗಳಿಗೆಲ್ಲ ಬದಿಗೆ ಸರಿದು, ಪರದೆಯ ಮುಂದೆ ಬಲಗೈ ಹೊರಚಾಚಿ 'ಹೋಗು ಹೋಗು' ಅಂತ ದಾರಿ ಬಿಟ್ಟರು. ಅತ್ತೆ ಬಾಗಿಲಲ್ಲಿ ಕೂತು, "ನನ್ನ ಮಗ ಒಬ್ಬನೇ ಸರಿಯಾಗಿ ಓಡಿಸ್ತಾ ಇರುವುದು," ಅಂದರು.

ಕೊನೆಯ ತಿರುವು ಬಂತು. ರೇಸ್ ಮುಗಿಯುವ ಗೆರೆ ಎದುರಿಗೇ ಕಾಣುತ್ತಿತ್ತು. ರಸ್ತೆಯ ಪಕ್ಕದಲ್ಲಿ ನೋಡುವ ಜನ ಗುಂಪುಗಟ್ಟಿ ಕೈಬೀಸಿ ಕುಣಿಯುತ್ತಿದ್ದರು. ನನ್ನ ಗಂಡ ನಿಧಾನವಾಗಿ ಎಡಕ್ಕೆ ತೆಗೆದುಕೊಂಡು, ಅವರ ಮುಂದೆ ಸರಿಯಾಗಿ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ?" ನಾನು ಕೂಗಿದೆ. "ಗೆರೆ ಅಲ್ಲೇ ಉಂಟಲ್ಲ!"

"ಕಾಣಲ್ವಾ ನಿನಗೆ? ಇಷ್ಟು ಜನ ಕೈ ತೋರಿಸ್ತಾ ಇದ್ದಾರೆ."

"ಅಯ್ಯೋ, ಅವರು ರೇಸ್ ನೋಡ್ಲಿಕ್ಕೆ ಬಂದವರು!"

"ಮುಂದೆ ಹೋದ ಹನ್ನೊಂದರಲ್ಲಿ ಒಂದೂ ನಿಲ್ಲಿಸಲಿಲ್ಲ," ಅಂದರು ಬೇಸರದಿಂದ. "ಮಳೆಯಲ್ಲಿ ಎಷ್ಟು ಹೊತ್ತಿಂದ ನಿಂತಿದ್ದಾರೋ."

ಅಷ್ಟರಲ್ಲಿ ಅತ್ತೆ ಎದ್ದು ಬಂದು, ಪರದೆಗೆ ಮುಖ ಹತ್ತಿರ ಇಟ್ಟು, ಕಾರಿನ ಒಳಗೆ ಇಣುಕಿ ನೋಡಿ ಹೇಳಿದರು:

"ಒಂದೇ ಸೀಟು ಖಾಲಿ ಉಂಟು ಮಗ. ಹೆಂಗಸರನ್ನು ಹತ್ತಿಸು."